ಅತ್ತೆಗೆ ಮೂಲ ಫ್ರೆಂಚೇ ಆಗಬೇಕು

ತಡೀರಿ, ತಡೀರಿ! ಇದೊಂದನ್ನು ಓದದೆ ಮುಂದಕ್ಕೆ ಹೋಗಬೇಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕನ್ನು ಜರಡಿ ಹಿಡಿದರೂ ನನ್ನ ಅತ್ತೆಯಂಥ ಫ್ರೆಂಚ್ ಅಭಿಮಾನಿ ಇನ್ನೊಬ್ಬರು ಸಿಗುವುದಿಲ್ಲ. ಯುದ್ಧಕಾಲದ ಫ್ರೆಂಚ್ ಕಾದಂಬರಿಯನ್ನು ಆಕೆ ಮೂಲದಲ್ಲೇ ಕೇಳಬೇಕು. ಇಂಗ್ಲಿಷ್ ಅನುವಾದ ಎಂದರೆ ಮೂಗು ಮುರಿಯುತ್ತಾಳೆ. ಕನ್ನಡದಲ್ಲಿ ಹೇಳಲಾ ಎಂದರೆ "ಅದು ಆಮೇಲೆ" ಎನ್ನುತ್ತಾಳೆ. ಇಷ್ಟಕ್ಕೂ ಆಕೆಗೆ ಫ್ರೆಂಚ್ ಎಷ್ಟು ಬರುತ್ತದೆ ಅಂದುಕೊಂಡಿರಿ? ಒಂದಕ್ಷರವೂ ಬರುವುದಿಲ್ಲ!

ನಗಿ, ಪರವಾಗಿಲ್ಲ. ನಗುವ ಕೆಲಸ ನಿಮ್ಮದು, ತಲೆ ತಗ್ಗಿಸುವ ಕೆಲಸ ನನ್ನದು. ಯಾಕೆಂದರೆ ಅತ್ತೆಯ ತಲೆಗೆ ಈ ಫ್ರೆಂಚ್ ಹುಳ ಬಿಟ್ಟವನು ನಾನೇ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇನೆ, ಆನ್‌ಲೈನ್ ಅರ್ಜಿ ತುಂಬುತ್ತೇನೆ, ಸರ್ವರ್ ಡೌನ್ ಆದಾಗ ಕಾದಂಬರಿ ಓದುತ್ತೇನೆ. ಸರ್ಕಾರದ ಸರ್ವರಿನ ದಯೆಯಿಂದ ನಾನು ಓದಿದ ಪುಸ್ತಕಗಳಿಗೆ ಲೆಕ್ಕವಿಲ್ಲ! ಹಾಗೆ ಓದಿದ್ದರಲ್ಲಿ ಒಂದು, ಶಿವಮೊಗ್ಗದ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕ, ರಟ್ಟು ಕಿತ್ತುಹೋಗಿದ್ದ ಒಂದು ಸಣ್ಣ ಫ್ರೆಂಚ್ ಕಾದಂಬರಿ. ಇಂಗ್ಲಿಷ್ ಅನುವಾದ. ಕತೆ ಇಷ್ಟು: ಹೊಳೆ ದಂಡೆಯ ಒಂದು ಸಣ್ಣ ಊರು. ಶತ್ರು ಸೈನ್ಯ ಬಂದು ಊರಿನಲ್ಲೇ ಠಿಕಾಣಿ ಹೂಡಿದೆ. ಅಲ್ಲೊಬ್ಬಳು ಗಂಡ ಸತ್ತ ಹೆಂಗಸು ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕುವವಳು. ಈಗ ಶತ್ರುಗಳ ಅಂಗಿಯನ್ನೇ ಒಗೆಯಬೇಕಾಗಿದೆ. ಅವಳ ಮಗಳು ಕದ್ದುಮುಚ್ಚಿ ಊರಿನ ಹೋರಾಟಗಾರರ ಜೊತೆ ಸೇರಿದ್ದಾಳೆ. ಒಂದು ದಿನ ಬೆಳಗಿನ ಜಾವ ಆ ಹುಡುಗಿ ಹೊಳೆ ದಾಟಿ ಹೊರಟುಬಿಡುತ್ತಾಳೆ.

ಇನ್ನು ಅತ್ತೆ. ಅಪ್ಪನ ಅಕ್ಕ, ಜಯಪುರದಲ್ಲಿ ಮನೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮೂರು ತಾಲ್ಲೂಕಿನಲ್ಲೂ ಗುರುತು ಹಿಡಿಯುತ್ತಾರೆ. ಆಕೆ ಹೆಂಗಸರ ತಾಳಮದ್ದಳೆಯ ದೊಡ್ಡ ಅರ್ಥಧಾರಿ. ಗೊತ್ತಿಲ್ಲದವರಿಗೆ ಒಂದು ಮಾತು: ಯಕ್ಷಗಾನದಿಂದ ವೇಷ, ಕುಣಿತ ಎರಡನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಗಳು ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾರೆ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ. ಪದ್ಯ ಎರಡು ಸಾಲು ಇದ್ದರೆ ಅತ್ತೆಯ ಅರ್ಥ ಮೈಕಿನವನು ನಿದ್ದೆ ಮಾಡಿ ಎದ್ದರೂ ಮುಗಿದಿರುವುದಿಲ್ಲ. ಎದುರು ಕೂತವರು ಸೋತು ಸುಣ್ಣವಾಗಿ, "ಆಯ್ತು ಮಾರಾಯ್ತಿ, ನೀನೇ ಗೆದ್ದೆ, ಮಂಗಳ ಹಾಡ್ಸು" ಎಂದು ಕೈಮುಗಿದದ್ದೂ ಉಂಟು.

ಇಂಥ ಅತ್ತೆಗೆ ಜೀವನದಲ್ಲಿ ಒಂದೇ ಒಂದು ಸಲ ಮಾತು ಕೈಕೊಟ್ಟಿತ್ತು. ಆಕೆಗೆ ಒಬ್ಬಳೇ ಮಗಳು. ನಮ್ಮಲ್ಲಿ ಸೋದರತ್ತೆಯ ಮಗಳು ನಮಗಿಂತ ದೊಡ್ಡವಳಾದರೆ ಅತ್ತಿಗೆ ಎಂದು ಕರೆಯುವುದು. ಅತ್ತಿಗೆ ತಾನೇ ನೋಡಿಕೊಂಡ ಹುಡುಗನನ್ನು ಮದುವೆಯಾಗಲು ಒಂದು ಬೆಳಿಗ್ಗೆ ಮನೆಯಿಂದ ಹೊರಟಳು. ಮಾವ ಕೂಗಾಡಿದರು. ಅತ್ತೆ ಬಾಯಿ ಬಿಡಲಿಲ್ಲ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅತ್ತಿಗೆ ಈಗ ಎನ್.ಆರ್.ಪುರದಲ್ಲಿ ಚೆನ್ನಾಗಿದ್ದಾಳೆ. ಕೂಗಾಡಿದ ಮಾವ ಆರು ತಿಂಗಳೊಳಗೆ ರಾಜಿಯಾಗಿ ಈಗ ಆಗಾಗ ಹೋಗಿ ಅಳಿಯನ ಜೊತೆ ಇಸ್ಪೀಟು ಆಡಿ ಬರುತ್ತಾರೆ! ಅತ್ತೆ ಅವರ ಕೈಲಿ ಮಿಡಿ ಉಪ್ಪಿನಕಾಯಿ ಕಳಿಸುತ್ತಾಳೆ, ಹಪ್ಪಳ ಕಳಿಸುತ್ತಾಳೆ, ಮಾತು ಮಾತ್ರ ಕಳಿಸುವುದಿಲ್ಲ. ಸಿಟ್ಟಲ್ಲ, ನೋಡಿ. ಅವತ್ತು ಆಡದ ಮಾತನ್ನು ಇವತ್ತು ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಿಲ್ಲ, ಅಷ್ಟೆ. ಹೀಗೇ ನಾಲ್ಕೈದು ವರ್ಷ ಹೋಗಿದೆ.

ಒಂದು ಮಧ್ಯಾಹ್ನ ಅತ್ತೆ ಪ್ರಸಂಗದ ಹಾಳೆಗಳನ್ನು ಜೆರಾಕ್ಸ್ ಮಾಡಿಸಲು ಅಂಗಡಿಗೆ ಬಂದಳು. ಮಿಷನ್ ಬಿಸಿಯಾಗಿ ಮುನಿಸಿಕೊಂಡಿತ್ತು. ಹೊತ್ತು ಹೋಗಲೆಂದು ನಾನು ಈ ಕಾದಂಬರಿಯ ಕತೆ ಹೇಳಿದೆ. ಮಗಳು ಹೊರಡುವ ಜಾಗಕ್ಕೆ ಬರುತ್ತಿದ್ದ ಹಾಗೆ ಅತ್ತೆ ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು.

"ತಾಯಿ ಎಂತ ಹೇಳಿದ್ಲು?"

"ಎಂತ ಹೇಳ್ಲಿಲ್ಲ ಅತ್ತೆ. ಇಸ್ತ್ರಿ ಮಾಡ್ತಾ ಇದ್ಲು."

"ಸುಳ್ಳು! ಮಗಳು ಹೊಳೆ ದಾಟಿ ಹೋಗ್ತಾ ಇದಾಳೆ, ವಾಪಸ್ ಬರ್ತಾಳೋ ಇಲ್ವೋ ದೇವರಿಗೇ ಗೊತ್ತು. ತಾಯಿಗೆ ಒಂದು ಪದ್ಯ ಇಲ್ದೆ ಇರ್ತದನಾ? ನೀ ಬಿಟ್ಟು ಹೇಳ್ತಿದೀಯ ಮಾಣಿ."

ನಾನು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ಹಿಂದಿನ ವಾರವಷ್ಟೇ ಫೋನಿನಲ್ಲಿ ಅನುವಾದದ ಬಗ್ಗೆ ಯಾರದೋ ಭಾಷಣ ಕೇಳಿದ್ದೆ. ತಲೆಯಲ್ಲಿ ಇದ್ದದ್ದು ನಾಲಿಗೆಗೆ ಬಂದುಬಿಟ್ಟಿತು. "ಇದು ಅನುವಾದ ಅಲ್ವ ಅತ್ತೆ. ಮೂಲದಲ್ಲಿ ಇರೋದ್ರಲ್ಲಿ ಅರ್ಧಕ್ಕರ್ಧ ಅನುವಾದದಲ್ಲಿ ಸೋರಿ ಹೋಗ್ತದೆ. ಫ್ರೆಂಚಿನಲ್ಲಿ ಏನಾದ್ರೂ ಹೇಳಿರ್ತಾಳೆ" ಎಂದೆ. ಎಷ್ಟು ಗತ್ತಿನಿಂದ ಎಂದರೆ, ಫ್ರಾನ್ಸಿನಲ್ಲೇ ಹುಟ್ಟಿ ಸುಮ್ಮನೆ ಒಂದು ಜೆರಾಕ್ಸ್ ಮಾಡಿಸಲು ಕೊಪ್ಪಕ್ಕೆ ಬಂದವನ ಹಾಗೆ!

ಅತ್ತೆ ನನ್ನನ್ನೇ ನೋಡಿದಳು. "ಹಾಗಾದ್ರೆ ನೀ ಫ್ರೆಂಚ್ ಕಲಿ."

"ಎಂತಕ್ಕೆ?"

"ಆ ತಾಯಿ ಎಂತ ಹೇಳಿದ್ಲು ಅಂತ ನಂಗೆ ಬೇಕು. ಅದು ಸಿಕ್ಕಿದ್ರೆ ನಾನೂ ಎನ್.ಆರ್.ಪುರದ ಬಸ್ ಹತ್ತಿ ಹೋಗಿ, ಅದನ್ನೇ ಹೇಳಿ ಬರ್ತೀನಿ."

ತಮಾಷೆಗೆ ಹೇಳಿದಳು ಅಂದುಕೊಂಡೆ. ತಮಾಷೆಯಾಗಿರಲಿಲ್ಲ.

ಸರಿ, ಫೋನಿಗೆ ಒಂದು ಆ್ಯಪ್ ಇಳಿಸಿಕೊಂಡು ಕಲಿಯಲು ಕೂತೆ. ಫ್ರೆಂಚರ 'ರ' ಇದೆಯಲ್ಲ, ಅದು ನಮ್ಮ 'ರ' ಅಲ್ಲ. ನಾಲಿಗೆಯನ್ನು ಸುಮ್ಮನಿರಿಸಿ ಗಂಟಲಿನ ಹಿಂಭಾಗದಿಂದ ಎಬ್ಬಿಸಬೇಕು, ಬೆಳಿಗ್ಗೆ ಬಾಯಿ ಮುಕ್ಕಳಿಸಿದ ಹಾಗೆ. ಒಂದು ದಿನ ಅತ್ತೆಯ ಜೊತೆ ಶೃಂಗೇರಿಗೆ ಹೋಗುತ್ತಿದ್ದೆ, ಅವಳ ತಂಡದ ಕಾರ್ಯಕ್ರಮ ಇತ್ತು. ಹರಿಹರಪುರದ ಹತ್ತಿರ ಬಸ್ಸು ತಿರುವಿನ ಮೇಲೆ ತಿರುವು ತೆಗೆದುಕೊಳ್ಳುತ್ತಿದೆ.

"ಸುಮ್ನೆ ಎಂತಕ್ಕೆ ಕೂತಿದೀಯ? ಅಭ್ಯಾಸ ಮಾಡು" ಎಂದಳು ಅತ್ತೆ.

"ಬಸ್ಸಲ್ಲಾ?"

"ನಾವೆಲ್ಲ ಬಸ್ಸಲ್ಲೇ ಅರ್ಥ ಕಲ್ತಿದ್ದು. ಗಟ್ಟಿಯಾಗಿ ಮಾಡು."

ಮಾಡಿದೆ. ಎರಡು ಸಲ 'ರ' ಎಬ್ಬಿಸಿದ್ದೇ ತಡ, ಮುಂದಿನ ಸೀಟಿನ ಹೆಂಗಸು ಮಗುವನ್ನೆತ್ತಿಕೊಂಡು ದೂರ ಸರಿದಳು. ಕಂಡಕ್ಟರ್ ಓಡಿಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರ್! "ಬಾರ ಮಾರಾಯ, ಕಿಟಕಿ ಕಡೆ ಕೂತ್ಕ. ಮೊದ್ಲೇ ಹೇಳಬಾರ್ದಾ?"

"ವಾಂತಿ ಅಲ್ಲ ಕಣೋ, ಫ್ರೆಂಚ್!" ಎಂದಳು ಅತ್ತೆ, ಹಿಂದಿನ ಸೀಟಿನ ತನಕ ಕೇಳುವ ಹಾಗೆ.

ಕಂಡಕ್ಟರ್ ನನ್ನ ಮುಖ ನೋಡಿದ, ಕವರ್ ನೋಡಿದ. "ಯಾವ್ದಕ್ಕೂ ಇದು ಇರ್ಲಿ" ಎಂದು ನನ್ನ ತೊಡೆಯ ಮೇಲೆ ಇಟ್ಟುಹೋದ. ಶೃಂಗೇರಿ ಬರುವ ತನಕ ನಾನು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಇಡೀ ಬಸ್ಸು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿತು ಎಂದು ಬೇರೆ ಹೇಳಬೇಕೆ?

ಅವತ್ತಿನ ಮರ್ಯಾದೆ ಅಷ್ಟಕ್ಕೇ ಮುಗಿಯಲಿಲ್ಲ. ತುಂಗೆಯ ಮೆಟ್ಟಿಲಲ್ಲಿ ಜನ ಮೀನಿಗೆ ಮಂಡಕ್ಕಿ ಹಾಕುತ್ತಿದ್ದರು. ಅಲ್ಲೊಂದು ಬಿಳಿಯರ ಜೋಡಿ. ಗಂಡನ ಕೈಯಲ್ಲಿದ್ದ ಪ್ರವಾಸದ ಪುಸ್ತಕದ ಮೇಲೆ ಫ್ರೆಂಚ್ ಅಕ್ಷರ! ನಾನು ಅದನ್ನು ಓದಿ ಖುಷಿಯಲ್ಲಿ "ಅತ್ತೆ, ಫ್ರೆಂಚರು!" ಎಂದುಬಿಟ್ಟೆ. ನನಗೆ ಬುದ್ಧಿ ಇದೆಯಾ? ಅತ್ತೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದಳು. "ಮಾತಾಡು. ಪರೀಕ್ಷೆ ಆಗ್ಲಿ."

ನಾನು ಎದೆ ಗಟ್ಟಿ ಮಾಡಿಕೊಂಡು, ನಮಸ್ಕಾರ, ನಿಮಗೆ ನಮ್ಮ ಊರು ಇಷ್ಟವಾಯಿತೇ, ನಾನು ನಿಮ್ಮ ಭಾಷೆಯ ಕಾದಂಬರಿ ಓದುತ್ತೇನೆ ಎಂದು ಫ್ರೆಂಚಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ಆ ಹೆಂಗಸು ತುಂಬ ಒಳ್ಳೆಯವರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೃದುವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಕ್ಷಮಿಸಿ, ನಮಗೆ ಕನ್ನಡ ಬರುವುದಿಲ್ಲ."

ತುಂಗೆ ಅಲ್ಲೇ ಹರಿಯುತ್ತಿದ್ದಳು, ಹಾರಿಬಿಡಬಹುದಿತ್ತು. ಮೀನುಗಳೂ ನನ್ನನ್ನೇ ನೋಡುತ್ತಿದ್ದ ಹಾಗೆ ಅನ್ನಿಸಿತು. ಅತ್ತೆ ಮಾತ್ರ ಒಂಚೂರೂ ಅಲ್ಲಾಡದೆ, "ಎಂತ ಅಂದ್ರು?" ಎಂದು ಕೇಳಿದಳು. ಹೇಳಿದೆ. ಅವರ ಕಡೆ ಒಮ್ಮೆ ಕರುಣೆಯಿಂದ ನೋಡಿ, "ಪಾಪ, ಅವ್ರು ಅನುವಾದದ ಜನ ಇರ್ಬೇಕು, ಬಾ" ಎಂದಳು!

ಇಷ್ಟೆಲ್ಲ ಆದ ಮೇಲೆ ಮೂಲ ಪುಸ್ತಕ ಬಂತು. ಆನ್‌ಲೈನಿನಲ್ಲಿ ಹುಡುಕಿ ಹುಡುಕಿ ತರಿಸಿದ್ದು, ಹಳೆಯ ಪ್ರತಿ. ಬಂದ ದಿನವೇ ಆ ಪುಟ ಹುಡುಕಿ ನೋಡಬಹುದಿತ್ತಲ್ಲ ಎನ್ನುತ್ತೀರಾ? ನೋಡಿದೆ! ಆಗಿನ ನನ್ನ ಫ್ರೆಂಚಿಗೆ ಆ ಪುಟದಲ್ಲಿ 'ಮತ್ತು', 'ಬಾಗಿಲು' ಇವೆರಡೇ ಗುರುತು ಸಿಕ್ಕಿದ್ದು. ಅನುವಾದ ಮಾಡಿಕೊಡಲಿ ಎಂದು ಫೋನಿನ ಕ್ಯಾಮರಾ ಹಿಡಿದೆ. ಅದು "ತಾಯಿ ತೋಳಿನ ಮೇಲೆ ಮತ್ತೆ ಹಾದುಹೋದಳು" ಎಂದಿತು. ಯಾರ ತೋಳು? ಯಾಕೆ ಹಾದಳು? ಇದರಲ್ಲೇನೋ ಗುಟ್ಟಿದೆ ಎಂದು ನನಗೇ ಆಸೆ ಹುಟ್ಟಿತು. ಅತ್ತೆಗೆ ಹೇಳಿದರೆ ಬೈದಳು. "ಪೀಠಿಕೆ ಇಲ್ದೆ ಸೀದಾ ಯುದ್ಧಕ್ಕೆ ಇಳಿಯೋಕಾಗ್ತದನಾ? ಮೊದಲ್ನೇ ಪುಟದಿಂದ ಬಾ. ಓದಿದ್ದನ್ನ ನಂಗೂ ಓದಿ ಹೇಳು. ಪದ್ಯ ಮೊದ್ಲು, ಅರ್ಥ ಆಮೇಲೆ."

ಹಾಗೆ ಶುರುವಾಯಿತು. ಭಾನುವಾರ ಜಯಪುರಕ್ಕೆ ಹೋಗುವುದು, ವಾರವಿಡೀ ಒದ್ದಾಡಿ ಬಿಡಿಸಿದ ಒಂದೆರಡು ಪುಟವನ್ನು ಅತ್ತೆಯ ಮುಂದೆ ಮೊದಲು ಫ್ರೆಂಚಿನಲ್ಲಿ ಓದುವುದು, ಆಮೇಲೆ ಕನ್ನಡದಲ್ಲಿ ಹೇಳುವುದು. ಇಂಗ್ಲಿಷಿನಲ್ಲಿ ನಾನು ಈ ಯುದ್ಧವನ್ನು ಎರಡು ದಿನದಲ್ಲಿ ಮುಗಿಸಿದ್ದೆ. ಫ್ರೆಂಚಿನಲ್ಲಿ ಮಳೆಗಾಲ ಮುಗಿಯುತ್ತ ಬಂದರೂ ಶತ್ರು ಊರೊಳಗೇ ಬಂದಿರಲಿಲ್ಲ! ಮೂಲದಲ್ಲಿ ಓದುವುದೆಂದರೆ ರಕ್ತ ಹೀರುವ ಇಂಬಳ ಇರುವ ಕಾಲುದಾರಿಯಲ್ಲಿ ನಡೆದ ಹಾಗೆ. ಎರಡು ಹೆಜ್ಜೆ ಇಡು, ಬಗ್ಗಿ ನೋಡು, ಒಂದು ಪದ ಕಚ್ಚಿಕೊಂಡಿರುತ್ತದೆ, ಕಿತ್ತು ಹಾಕು, ಮತ್ತೆ ಎರಡು ಹೆಜ್ಜೆ. ಆದರೆ ಒಂದು ಮಾತು ನಿಜ. ಇಂಗ್ಲಿಷಿನಲ್ಲಿ ನಾನು ಓಡಿಕೊಂಡು ದಾಟಿದ್ದ ಜಾಗದಲ್ಲೆಲ್ಲ ಇಲ್ಲಿ ನಿಲ್ಲಬೇಕಾಯಿತು. ಊರಿನವರು ಬ್ರೆಡ್ಡಿಗೆ ಸಾಲು ನಿಂತಿದ್ದು ಇಂಗ್ಲಿಷಿನಲ್ಲಿ ಅರ್ಧ ನಿಮಿಷ. ಫ್ರೆಂಚಿನಲ್ಲಿ ನಾನೂ ಅವರ ಜೊತೆ ಮೂರು ದಿನ ನಿಂತೆ. ಯಾರ ಕಾಲಿಗೆ ಎಂಥ ಬೂಟು, ಯಾರ ಚೀಲ ಖಾಲಿ, ಯಾರು ಯಾರನ್ನು ನೋಡಿ ಮುಖ ತಿರುಗಿಸಿದರು, ಎಲ್ಲ ಕಾಣಿಸಿತು. ಆ ವಾರ ನನಗೆ ಬೇಕರಿಯಲ್ಲಿ ಬನ್ನು ತಿನ್ನಲು ಒಂಥರಾ ಸಂಕೋಚ!

ಅತ್ತೆ ಕಣ್ಣು ಮುಚ್ಚಿಕೊಂಡು ಫ್ರೆಂಚ್ ಕೇಳುತ್ತಿದ್ದಳು, ಭಾಗವತರ ಪದ್ಯ ಕೇಳಿದ ಹಾಗೆ. ಮುಗಿದ ಮೇಲೆ ದನಿಯ ಮೇಲೆಯೇ ಊಹೆ ಮಾಡುತ್ತಿದ್ದಳು.

"ಇಲ್ಲಿ ಯಾರೋ ಸತ್ತಿದಾರೆ, ಅಲ್ದನಾ?"

"ಇಲ್ಲ ಅತ್ತೆ. ಸಾಬೂನು ಖಾಲಿ ಆಗಿದೆ."

"ಬಟ್ಟೆ ಒಗೆಯೋಳಿಗೆ ಸಾಬೂನು ಖಾಲಿ ಆದ್ರೆ ಇನ್ನೆಂತ? ಸತ್ತ ಹಾಗೇ!"

ಇನ್ನೊಂದು ಸಲ "ಇದು ಪ್ರೀತಿ ಮಾತು, ಕಿವಿಗೇ ಗೊತ್ತಾಗ್ತದೆ" ಎಂದಳು. ಅದು ಶತ್ರು ಅಧಿಕಾರಿ ಅಂಗಿಯ ಗುಂಡಿ ಕಳೆದದ್ದಕ್ಕೆ ಬೈಯುತ್ತಿದ್ದ ಜಾಗ. "ಬೈಗುಳವೇ ಇಷ್ಟು ಚೆಂದ ಇದ್ರೆ ಪ್ರೀತಿ ಹೇಗಿರ್ತದೆ ಮಾರಾಯ!" ಎಂದು ಬೆರಗಾದಳು.

ಇಲ್ಲಿಗೆ ನಿಂತಿದ್ದರೆ ಸಾಕಿತ್ತು. ಕೇಳಿದ ಕತೆಯನ್ನು ಅತ್ತೆ ತನ್ನ ತಾಳಮದ್ದಳೆಯ ಗೆಳತಿಯರಿಗೆಲ್ಲ ದಾಟಿಸಿದಳು. ಅಭ್ಯಾಸದ ಹೊತ್ತಿನಲ್ಲಿ ಒಬ್ಬಳು ಶತ್ರು ಅಧಿಕಾರಿಯನ್ನು ಬೈದದ್ದಕ್ಕೆ ಅತ್ತೆ ಅಭ್ಯಾಸಬಲದಿಂದ ಎದುರು ಪಕ್ಷ ಹಿಡಿದು, ಅವನ ಪರವಾಗಿ ಅರ್ಥ ಹೇಳಿಬಿಟ್ಟಳಂತೆ! ಮನೆಮಠ ಬಿಟ್ಟು ಬಂದಿದ್ದೇನೆ, ಅಂಗಿಯ ಗುಂಡಿ ಹಾಕಿಕೊಡಲು ಒಬ್ಬರಿಲ್ಲ ಎಂದು ಶುರು ಮಾಡಿ ಎಲ್ಲರ ಕಣ್ಣಲ್ಲೂ ನೀರು ತರಿಸಿದಳಂತೆ. ಆಮೇಲೆ ನಾನು ಜಯಪುರದ ಪೇಟೆಯಲ್ಲಿ ಓಡಾಡುವುದೇ ಕಷ್ಟವಾಯಿತು. ಒಂದು ಭಾನುವಾರ ದಿನಸಿ ಅಂಗಡಿಯ ಮುಂದೆ ಆ ಗೆಳತಿಯರಲ್ಲಿ ಒಬ್ಬರು ತಡೆದು ನಿಲ್ಲಿಸಿ, ತಗ್ಗಿದ ದನಿಯಲ್ಲಿ, "ಆ ಇಸ್ತ್ರಿಯವಳ ಮಗಳು ಹೊರಟ್ಲಾ ಇನ್ನೂ ಇದಾಳಾ?" ಎಂದರು. ಸುತ್ತ ಇದ್ದವರು ಯಾರ ಮನೆಯ ವಿಷಯ ಎಂದು ಕಿವಿ ನಿಮಿರಿಸಿದರು. "ಇನ್ನೂ ಇದಾಳೆ" ಎಂದು ಪಿಸುಗುಟ್ಟಿ ಓಡಿದೆ. ಮುಂದಿನ ವಾರದ ಹೊತ್ತಿಗೆ ನಾನು ಯಾರದೋ ಮನೆಯ ಹುಡುಗಿಯನ್ನು ಓಡಿಸಿಕೊಂಡು ಹೋಗುವವನಿದ್ದೇನೆ ಎಂದು ಮೇಗುಂದದ ತನಕ ಸುದ್ದಿ!

ನಗು ಬರುತ್ತಿದೆಯಲ್ಲ? ಬರಲಿ. ಆದರೆ ನನಗೆ ನಿಜವಾಗಿ ಮುಖ ತೋರಿಸಲಾಗದೆ ಇದ್ದದ್ದು ಇವ್ಯಾವುದಕ್ಕೂ ಅಲ್ಲ.

ಪ್ರತಿ ಭಾನುವಾರ ಪುಸ್ತಕ ಮುಚ್ಚುವಾಗ ಅತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಆ ಬೆಳಿಗ್ಗೆ ಬಂತನಾ?" ಇನ್ನೂ ಇಲ್ಲ ಎನ್ನುತ್ತಿದ್ದೆ. "ಬರ್ಲಿ, ಬರ್ಲಿ, ಅವಸರ ಇಲ್ಲ" ಎಂದು ಕಾಫಿ ಮಾಡಲು ಏಳುತ್ತಿದ್ದಳು. ಅವಸರ ಇಲ್ಲ ಎನ್ನುವವಳ ಕಣ್ಣು ಮಾತ್ರ ಪುಸ್ತಕದಲ್ಲಿ ಇನ್ನೆಷ್ಟು ದಪ್ಪ ಉಳಿದಿದೆ ಎಂದು ಅಳೆಯುತ್ತಿತ್ತು.

ಕೊನೆಗೊಂದು ದಿನ ಆ ಬೆಳಿಗ್ಗೆ ಬಂತು. ಅಂಗಡಿಯಲ್ಲಿ ಸರ್ವರ್ ಡೌನ್. ನಿಘಂಟು ಹಿಡಿದು ಒಂದೊಂದೇ ಪದ ಬಿಡಿಸಿದೆ. ತೋಳು ಎಂದರೆ ಅಂಗಿಯ ತೋಳು. ಹಾದುಹೋದದ್ದು ಇಸ್ತ್ರಿಪೆಟ್ಟಿಗೆ; ಮತ್ತೆ ಹಾದುಹೋಗುವುದಕ್ಕೂ ಇಸ್ತ್ರಿ ಮಾಡುವುದಕ್ಕೂ ಫ್ರೆಂಚಿನಲ್ಲಿ ಒಂದೇ ಪದ. ಬಾಗಿಲು ಮುಚ್ಚಿದ ಸದ್ದಾಯಿತು, ತಾಯಿ ಅಂಗಿಯ ಇನ್ನೊಂದು ತೋಳಿಗೂ ಇಸ್ತ್ರಿ ಮಾಡಿದಳು. ಅಷ್ಟೇ. ಹಿಂದಿನ ಪುಟ ನೋಡಿದೆ, ಮುಂದಿನ ಪುಟ ನೋಡಿದೆ. ಒಂದು ಮಾತಿಲ್ಲ. ಅನುವಾದಕ ಏನನ್ನೂ ಬಿಟ್ಟಿರಲಿಲ್ಲ, ಏನನ್ನೂ ಸೋರಲು ಬಿಟ್ಟಿರಲಿಲ್ಲ. ಪಾಪ, ಆ ಮನುಷ್ಯ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದ. ಸೋರಿದ್ದು ನನ್ನ ಬಾಯಿ ಮಾತ್ರ!

ಈಗ ಅತ್ತೆಗೆ ಏನೆಂದು ಹೇಳಲಿ? ಮೂಲ ಮೂಲ ಎಂದು ಕುಣಿದವನು ನಾನು. ಆ ಒಂದು ಮಾತು ಸಿಕ್ಕಿದರೆ ಬಸ್ ಹತ್ತುತ್ತೇನೆ ಎಂದು ಕಾದು ಕೂತವಳು ಅವಳು. ಆ ವಾರ ಯಾರ ಅರ್ಜಿಯಲ್ಲಿ ಯಾರ ಹೆಸರು ತುಂಬಿದೆನೋ ನನಗೇ ನೆನಪಿಲ್ಲ. ಒಂದು ಭಾನುವಾರ ಜ್ವರ ಎಂದು ತಪ್ಪಿಸಿಕೊಂಡೆ. ಅತ್ತೆ ಕಷಾಯದ ಪುಡಿ ಕಳಿಸಿದಳು. ಅದನ್ನು ನೋಡಿ ಇನ್ನಷ್ಟು ನಾಚಿಕೆಯಾಯಿತು.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಫ್ರೆಂಚಿನಲ್ಲಿ ಇಲ್ಲದಿದ್ದರೆ ಏನಂತೆ? ಅತ್ತೆಗೆ ಫ್ರೆಂಚ್ ಬರುತ್ತದೆಯೇ? ತಾಯಿಗೊಂದು ಮಾತನ್ನು ನಾನೇ ಬರೆದೆ. ಬರೆದೆ, ಹೊಡೆದೆ, ಮತ್ತೆ ಬರೆದೆ. 'ಹೋಗು ಮಗಳೇ, ಹೊಳೆಯ ಆಚೆ ದಂಡೆಯೂ ಇದೇ ನೀರಿನದು' ಎಂದೆಲ್ಲ. ಸುಳ್ಳಾದರೂ ಚೆನ್ನಾಗಿ ಬಂದಿತ್ತು, ನನಗೇ ಎರಡು ಸಲ ಕಣ್ಣು ತುಂಬಿತು.

ಭಾನುವಾರ ಹೋದೆ. "ಬಂತು ಅತ್ತೆ, ಆ ಬೆಳಿಗ್ಗೆ" ಎಂದೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತಳು. ಕಣ್ಣು ಮುಚ್ಚಿದಳು. "ಪದ್ಯ" ಎಂದಳು.

ಫ್ರೆಂಚ್ ಓದಿದೆ. ಗಿಡ್ಡದೊಂದು ವಾಕ್ಯ. 'ರ' ಕೂಡ ಚೆನ್ನಾಗಿ ಎದ್ದಿತು.

"ಅರ್ಥ."

ನಾನು ಶುರು ಮಾಡಿದೆ. ಹೋಗು ಮಗಳೇ ಎಂದೆ, ಹೊಳೆ ಎಂದೆ, ನೀರು ಎಂದೆ, ತೊಟ್ಟಿಲು ಎಂದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅತ್ತೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಾಳೆ.

"ಮಾಣಿ, ಅಷ್ಟು ಗಿಡ್ಡ ಪದ್ಯಕ್ಕೆ ಇಷ್ಟುದ್ದ ಅರ್ಥ ಹೇಳೋದು ನನ್ನ ಕಸುಬು. ಜನ್ಮ ಇಡೀ ಅದನ್ನೇ ಮಾಡಿದೀನಿ. ನೀ ನಂಗೇ ಮಾಡ್ತೀಯನಾ?"

ಆ ಬಸ್ಸಿನ ನಾಚಿಕೆ, ಹೊಳೆ ದಂಡೆಯ ನಾಚಿಕೆ ಎಲ್ಲ ಇದರ ಮುಂದೆ ಮದುವೆ ಮನೆಯ ಸಂಭ್ರಮ! ಮುಖ ಎತ್ತಲಿಲ್ಲ ನಾನು. ಚಾಪೆಯ ಅಂಚಿನ ಎಳೆ ಕೀಳುತ್ತ ಕೂತೆ.

"ಅದ್ರಲ್ಲಿ ಎಂತ ಇದೆಯೋ ಅಷ್ಟು ಹೇಳು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಗಿದ್ದು.

ಹೇಳಿದೆ. ಬಾಗಿಲು ಮುಚ್ಚಿದ ಸದ್ದು. ಅಂಗಿಯ ಇನ್ನೊಂದು ತೋಳು. ಅಷ್ಟೇ.

"ಇಷ್ಟೇನಾ? ಮೂಲದಲ್ಲೂ?"

"ಮೂಲದಲ್ಲೂ ಇಷ್ಟೇ ಅತ್ತೆ. ತಪ್ಪಾಯ್ತು. ನಾನೇ ಅವತ್ತು ಸುಮ್ನೆ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

ಅತ್ತೆ ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಇನ್ನೊಂದ್ಸಲ ಓದು. ಅವ್ರ ಭಾಷೇಲೇ" ಎಂದಳು. ಓದಿದೆ. ಮತ್ತೊಂದು ಸಲ ಎಂದಳು. ಓದಿದೆ.

"ಅವಳಿಗೂ ಬರ್ಲಿಲ್ಲ ಹಾಗಾದ್ರೆ" ಎಂದಳು ಕೊನೆಗೆ. "ನಾ ಅವತ್ತು ದೋಸೆ ಎರೀತಾ ಇದ್ದೆ ಮಾಣಿ. 'ಅಮ್ಮ, ಹೋಗ್ತೀನಿ' ಅಂದ್ಲು. ನಾ ತಿರುಗಿ ನೋಡ್ಲಿಲ್ಲ. ಇನ್ನೊಂದು ದೋಸೆ ಎರೆದೆ. ಅದನ್ನ ತಿನ್ನೋಕೆ ಯಾರಿದ್ರು, ಹೇಳು? ಯಾವ ಪಾತ್ರ ಕೊಟ್ರೂ ಮಾತಾಡೋಳು ನಾನು, ಹೆತ್ತ ಮಗಳಿಗೆ ಒಂದು ಮಾತು ಬರ್ಲಿಲ್ವಲ್ಲ, ನಾನೆಂಥ ತಾಯಿ ಅಂತ ಇಷ್ಟು ವರ್ಷ... ನಂಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ."

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೂರೂ ಸದ್ದಿಲ್ಲದೆ ಅಳುತ್ತಾಳೆ ಆಕೆ, ಮೈಕಿಲ್ಲದೆಯೂ ಮೂರು ಊರಿಗೆ ಕೇಳುವ ಹಾಗೆ ಮಾತಾಡುವವಳು! ಇಂಗ್ಲಿಷ್ ಅನುವಾದ ಓದಿ ನಾನು ಇದನ್ನೇ ಹೇಳಿದಾಗ ಆಕೆ ನಂಬಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಂಗಡಿ ಶಟರ್ ಎತ್ತುತ್ತಿದ್ದೆ. ಅತ್ತೆ ಬಸ್ಸಿಳಿದು ಬಂದಳು, ಒಂದು ಚೀಲ ಹಿಡಿದುಕೊಂಡು. "ಶಟರ್ ಇಳಿಸು. ಎನ್.ಆರ್.ಪುರದ ಬಸ್ ಯಾವಾಗ?"

"ಎಂತ ಹೇಳ್ತೀಯ ಅಲ್ಲಿ?" ಎಂದು ಕೇಳಿದೆ.

"ಗೊತ್ತಿಲ್ಲ" ಎಂದಳು. ಬಸ್ ಬಂದಾಗ ನನಗಿಂತ ಮೊದಲೇ ಹತ್ತಿ ಕೂತಳು.

ಬಾಗಿಲು ತೆರೆದದ್ದು ಅತ್ತಿಗೆಯೇ. ಕೈಯೆಲ್ಲ ಒದ್ದೆ, ಪಾತ್ರೆ ತೊಳೆಯುತ್ತಿದ್ದಳೇನೋ. ಅತ್ತೆ ಹೊಸಿಲ ಆಚೆ ನಿಂತೇ ಇದ್ದಾಳೆ. ತುಟಿ ಅಲುಗುತ್ತಿದೆ, ದನಿ ಬರುತ್ತಿಲ್ಲ. ನೋಡಲಾಗಲಿಲ್ಲ ನನಗೆ. ಬುದ್ಧಿ ಬಂದಿರಬೇಕಿತ್ತು, ಬಂದಿಲ್ಲ ನೋಡಿ, ಮಧ್ಯೆ ಬಾಯಿ ಹಾಕಿದೆ: "ಅದು ಎಂತ ಅಂದ್ರೆ ಅತ್ತಿಗೆ, ಅತ್ತೆ ಹೇಳೋಕೆ ಬಂದಿದ್ದು..."

"ನೀ ಸುಮ್ನಿರು ಮಾರಾಯ" ಎಂದಳು ಅತ್ತಿಗೆ, ಅಮ್ಮನ ಮುಖದಿಂದ ಕಣ್ಣು ತೆಗೆಯದೆ. "ನಂಗೆ ಗೊತ್ತಾಗ್ತದೆ."

ಚೀಲ ತೆಗೆದುಕೊಂಡಳು. ಆಮೇಲೆ ಅಮ್ಮನ ಕೈ ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ದನಿ ಕೇಳಲು ಶುರುವಾಯಿತು. ಏನು ಹೇಳಿದಳು ಎಂದು ನನ್ನನ್ನು ಕೇಳಬೇಡಿ. ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ತನಕ ನಡೆದುಬಿಟ್ಟಿದ್ದೆ.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ, ಯಾವುದೋ ದೂರದ ಕತೆಯೊಳಗೆ ತಮ್ಮದೇ ಒಂದು ಮಾತು ಹುಡುಕುತ್ತಿರುವವರು. ನೀವೂ ಅವರನ್ನು ಕಂಡು ನಾಚಿಕೊಂಡಿದ್ದರೆ, ಮೂಲವೋ ಅನುವಾದವೋ ಯಾವುದಾದರೂ ಪುಸ್ತಕ ಹಿಡಿದು ಅವರ ಮುಂದೆ ಕೂತಿದ್ದರೆ, ಕೆಳಗೆ ಬರೆಯಿರಿ. ನಾನು ಒಂದೂ ಬಿಡದೆ ಓದುತ್ತೇನೆ. ಅತ್ತೆಗೂ ಓದಿ ಹೇಳುತ್ತೇನೆ, ನೀವು ಬರೆದದ್ದು ಎಷ್ಟಿದೆಯೋ ಅಷ್ಟೇ.